‘ನಿಮ್ಮ ಕುಟುಂಬದಲ್ಲಿ ಎಷ್ಟು ಜನ?’: ನೆರವಿನ ಫಾರಮಿನ ಕೆಲವು ಪದಗಳು

ಪ್ರಶ್ನೆ

ಮಂಗಳೂರಿನ ಸೇವಾ ಸಂಸ್ಥೆಯೊಂದರ ಮಳೆಗಾಲದ ನೆರೆ ನೆರವಿನ ಫಾರಂ, ಕೈಪಿಡಿ, ಒಪ್ಪಂದಗಳನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ, ಕರಡು ಜೊತೆಗಿದೆ. ಪ್ರೋಗ್ರಾಮ್ ಆಫೀಸರ್ ಹುದ್ದೆಗೆ ‘ಕಾರ್ಯಕ್ರಮಾಧಿಕಾರಿ’ ಎಂದು ಬರೆದರೆ ವೇದಿಕೆ, ಹಾರ-ತುರಾಯಿ ನೋಡಿಕೊಳ್ಳುವವರಂತೆ ಕೇಳುತ್ತದೆ. ರಿಲೀಫ್‌ಗೆ ‘ಪರಿಹಾರ’, ಬೆನಿಫಿಷಿಯರಿಗೆ ‘ಫಲಾನುಭವಿ’, ಹೌಸ್‌ಹೋಲ್ಡ್‌ಗೆ ‘ಕುಟುಂಬ’ ಎಂದು ಹಾಕಿದ್ದನ್ನು ಫೀಲ್ಡಿನವರು ಒಪ್ಪುತ್ತಿಲ್ಲ. ಔಟ್‌ಪುಟ್, ಔಟ್‌ಕಮ್ ಎರಡಕ್ಕೂ ‘ಫಲಿತಾಂಶ’ವೇ ಸಿಗುತ್ತಿದೆ. ಇದೇ ಕೆಲಸದಲ್ಲಿರುವವರು ಬಾಯಲ್ಲಿ ಏನನ್ನುತ್ತಾರೆ, ಕಾಗದದಲ್ಲಿ ಏನು ಬರೆಯುತ್ತಾರೆ?

ಉತ್ತರ, ಮಂಗಳೂರಿನಿಂದ

ನೀವು ಕೊಟ್ಟದ್ದರಲ್ಲಿ ಅಪಾಯದ ಪದ ‘ಕುಟುಂಬ’. ಅದನ್ನು ಮೊದಲು ನೋಡೋಣ.

ಘಟ್ಟದ ಮೇಲೆ ಕುಟುಂಬ ಎಂದರೆ ಗಂಡ, ಹೆಂಡತಿ, ಮಕ್ಕಳು, ಹೆಚ್ಚೆಂದರೆ ಅಜ್ಜ-ಅಜ್ಜಿ. ಅಳಿಯಸಂತಾನ ನಡೆದುಬಂದ ಈ ನೆಲದಲ್ಲಿ ಅದು ತಾಯಿಯ ಕಡೆಯಿಂದ ಹರಡಿದ ಹತ್ತಾರು ಮನೆಗಳ ಬಳಗ. ಕುಟುಂಬದ ಮನೆ, ಕುಟುಂಬದ ದೈವ ಎನ್ನುವಾಗ ಇರುವುದು ಇದೇ ಅರ್ಥ. ‘ನಿಮ್ಮ ಕುಟುಂಬದಲ್ಲಿ ಎಷ್ಟು ಜನ?’ ಎಂದು ಕೇಳಿದರೆ ಒಬ್ಬರು ಮುಂಬೈಯಲ್ಲಿರುವ ತಮ್ಮನನ್ನೂ ಗಲ್ಫಿನಲ್ಲಿರುವ ಮಗನನ್ನೂ ಸೇರಿಸಿ ಹದಿನಾಲ್ಕು ಅನ್ನುತ್ತಾರೆ. ಪಕ್ಕದವರು ಒಂದೇ ಮಾಡಿನಡಿ ಬೇರೆ ಅಡುಗೆ ಮಾಡುವ ಅಣ್ಣನ ಸಂಸಾರವನ್ನು ಬಿಟ್ಟು ನಾಲ್ಕು ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳಿಲ್ಲ, ಪ್ರಶ್ನೆಯೇ ಸರಿಯಿಲ್ಲ.

ನಮಗೆ ಬೇಕಾದದ್ದು ಒಂದೇ ಅಡುಗೆ ಉಣ್ಣುವವರ ಲೆಕ್ಕ. ಜನಗಣತಿಯೂ ಮನೆಯನ್ನು ಎಣಿಸುವುದು ಅಡುಗೆ ಒಂದೇ ಇದೆಯೇ ಎಂದು ನೋಡಿಯೇ. ಹಾಗಾಗಿ ಫಾರಮಿನಲ್ಲಿ ‘ಒಂದೇ ಒಲೆಯ ಅಡುಗೆ ಉಣ್ಣುವವರು ಎಷ್ಟು ಮಂದಿ?’ ಎಂದು ಹಾಕಿ. ಇದಕ್ಕೆ ಇನ್ನೂ ಒಂದು ಕಾರಣವಿದೆ. ಫಾರಂ ಕನ್ನಡದಲ್ಲಿದ್ದರೂ ಅದನ್ನು ಹಿಡಿದು ಮನೆಗೆ ಹೋದ ಹುಡುಗಿ ಕೇಳುವುದು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ. ‘ಒಲೆ’ ಸಲೀಸಾಗಿ ‘ದಿಕ್ಕೆಲ್’ ಆಗುತ್ತದೆ. ‘ಕುಟುಂಬ’ವನ್ನು ತುಳುವಿಗೆ ತಂದರೆ ಮತ್ತೆ ದೈವದ ಚಾವಡಿಗೇ ಹೋಗಿ ನಿಲ್ಲುತ್ತೀರಿ.

ಈ ಒಂದು ಪದ ತಪ್ಪಿದರೆ ಏನಾಗುತ್ತದೆ ಎಂಬುದು ಅಕ್ಕಿಯಲ್ಲಿ ಕಾಣುತ್ತದೆ. ಒಬ್ಬರಿಗೆ ದಿನಕ್ಕೆ 2,100 ಕಿಲೋಕ್ಯಾಲರಿ ಆಗಬೇಕೆಂದು ಲೆಕ್ಕ ಹಿಡಿದು, ಧಾನ್ಯ 400 ಗ್ರಾಂ, ಬೇಳೆ 60 ಗ್ರಾಂ, ಎಣ್ಣೆ 25 ಗ್ರಾಂ, ಜೊತೆಗೆ ಸಕ್ಕರೆ, ಉಪ್ಪು ಇತ್ಯಾದಿ ಇಡುವುದು ರೂಢಿ. ಐವರ ಮನೆಗೆ 15 ದಿನಕ್ಕೆ ಅಕ್ಕಿ 30 ಕಿಲೋ, ಬೇಳೆ ನಾಲ್ಕೂವರೆ ಕಿಲೋ, ಎಣ್ಣೆ ಎರಡು ಲೀಟರಿನ ಹತ್ತಿರ. ಅದೇ ಕಿಟ್ ಒಂಬತ್ತು ಮಂದಿಯ ಒಲೆಗೆ ಹೋದರೆ ಎಂಟನೇ ದಿನಕ್ಕೆ ಅಕ್ಕಿಯ ಚೀಲ ತಳ ಕಾಣುತ್ತದೆ. ಒಂಬತ್ತನೇ ದಿನ ಆ ಮನೆಯವರು ಬಂದು ಕೇಳಿದಾಗ ರಿಜಿಸ್ಟರಿನಲ್ಲಿ ‘ಎರಡನೇ ಸಲ ಬಂದವರು’ ಎಂದು ಕೆಂಪು ಗುರುತು ಬೀಳುತ್ತದೆ.

ಅಕ್ಕಿಯ ಮಾತು ಬಂತಲ್ಲ, ಖರೀದಿ ಆದೇಶದಲ್ಲಿ ಬರೇ ‘ಅಕ್ಕಿ’ ಎಂದು ಬರೆಯಬೇಡಿ. ಹೊರಗಿನ ಸರಬರಾಜುದಾರರು ಬೆಳ್ತಿಗೆ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ, ಇಳಿಸಿ ಹೋಗುತ್ತಾರೆ. ಇಲ್ಲಿ ಬೇಕಾದದ್ದು ‘ಕುಚ್ಚಲಕ್ಕಿ’, ಹಾಗೆಂದೇ ಬರೆಯಬೇಕು. ಅದು ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಕಟ್ಟಿಗೆ ಒದ್ದೆಯಾಗಿರುವ ಜುಲೈಯಲ್ಲಿ ಅದೂ ಒಂದು ಲೆಕ್ಕ.

ಹೆಸರಿನ ಅಂಕಣವೂ ಇದೇ ಜಾತಿಯ ತೊಂದರೆ ಕೊಡುತ್ತದೆ. ಪಡಿತರ ಚೀಟಿಯಲ್ಲಿ ಹೆಸರಿನ ಜೊತೆ ಪೂಜಾರ್ತಿ ಅಥವಾ ಶೆಡ್ತಿ ಎಂದಿದ್ದು, ಆಧಾರ್‌ನಲ್ಲಿ ಪೂಜಾರಿ, ಶೆಟ್ಟಿ ಎಂದಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು. ಮನೆಯ ಹೆಸರನ್ನು ಬೇರೆ ಅಂಕಣದಲ್ಲಿ ಬರೆಸಿಕೊಂಡರೆ ಹೆಚ್ಚಿನವು ಅಲ್ಲೇ ಬಗೆಹರಿಯುತ್ತವೆ.

ಇನ್ನು ‘ಪರಿಹಾರ’. ಲೆಕ್ಕದ ಉತ್ತರವೂ ಪರಿಹಾರ, ಜೋಯಿಸರು ಹೇಳುವ ದೋಷನಿವಾರಣೆಯೂ ಪರಿಹಾರ. ಅವು ಇರಲಿ. ತೊಂದರೆ ಬರುವುದು ಸರ್ಕಾರದ ಪರಿಹಾರದಿಂದ. ಮಳೆಗೆ ಜೀವ ಹೋದರೆ ರಾಜ್ಯ ವಿಪತ್ತು ಸ್ಪಂದನಾ ನಿಧಿಯ ನಿಯಮದಂತೆ ವಾರಸುದಾರರಿಗೆ ಸಿಗುವ 4 ಲಕ್ಷ ರೂಪಾಯಿಗೂ ಪರಿಹಾರ ಅನ್ನುತ್ತೇವೆ, ಸಂಸ್ಥೆ ಕೊಡುವ ಬಕೆಟ್-ಚಾಪೆಗೂ ಪರಿಹಾರ ಅನ್ನುತ್ತೇವೆ. ಹಂಚುವ ಮೇಜಿನಲ್ಲಿ ‘ಪರಿಹಾರ ಸ್ವೀಕರಿಸಿದ್ದೇನೆ’ ಎಂಬ ಸಾಲಿನ ಕೆಳಗೆ ಸಹಿ ಕೇಳಿದರೆ ಜನ ಪೆನ್ನು ಹಿಡಿದುಕೊಂಡೇ ನಿಲ್ಲುತ್ತಾರೆ: ಇದಕ್ಕೆ ಹೆಬ್ಬೆಟ್ಟು ಒತ್ತಿದರೆ ತಾಲೂಕು ಕಚೇರಿಯ ದುಡ್ಡು ತಪ್ಪಿಹೋದೀತೇ? ಆ ಹೆದರಿಕೆ ನ್ಯಾಯವಾದದ್ದೇ. ‘ನೆರವು’ ಒಳ್ಳೆಯ ಪದ. ಸ್ವೀಕೃತಿ ಪಟ್ಟಿಯಲ್ಲಂತೂ ವಸ್ತುವಿನ ಹೆಸರನ್ನೇ ಬರೆಯಿರಿ: ‘ಬಕೆಟ್ 1, ಚಾಪೆ 2, ಹೊದಿಕೆ 2 ಸಿಕ್ಕಿದೆ.’ ಕೆಳಗೆ ದಪ್ಪಕ್ಷರದಲ್ಲಿ ‘ಇದು ಸರ್ಕಾರದ ಪರಿಹಾರವಲ್ಲ, ಇದನ್ನು ಪಡೆದರೆ ಆ ಅರ್ಜಿಗೆ ತೊಂದರೆಯಿಲ್ಲ’ ಎಂಬ ಒಂದು ಸಾಲು ಇರಲಿ.

‘ಫಲಾನುಭವಿ’ಯನ್ನು ಬಿಡಿ ಎನ್ನುವುದಕ್ಕೂ ಇಂಥದೇ ಕಾರಣ. ಗ್ರಾಮಸಭೆಯಲ್ಲಿ ಮನೆ ಮಂಜೂರಾಗುವವರಿಗೆ ಆ ಹೆಸರು ಅಂಟಿಹೋಗಿದೆ. ಎರಡು ಪಟ್ಟಿಗೆ ಎರಡು ಪದ ಇಟ್ಟುಕೊಳ್ಳಿ: ನಷ್ಟವಾದವರೆಲ್ಲರೂ ‘ಸಂತ್ರಸ್ತರು’, ಈ ಸಲದ ಹಂಚಿಕೆಗೆ ಆಯ್ಕೆಯಾದವರು ‘ಪಡೆಯುವವರು’. ಇವನ್ನು ಬೆರೆಸಿ ವರದಿ ಬರೆದರೆ ದಾನಿಗಳು 250 ಕಿಟ್ ಲೆಕ್ಕ ನೋಡಿ ಊರಿನಲ್ಲಿ 250 ಮನೆಗೇ ನಷ್ಟವಾದದ್ದು ಎಂದುಕೊಳ್ಳುತ್ತಾರೆ. ಸಂತ್ರಸ್ತ ಎಂಬುದರ ಮೂಲಾರ್ಥ ಹೆದರಿದವನು ಎಂದಷ್ಟೆ. ಪತ್ರಿಕೆಗಳು ಬಳಸಿ ಬಳಸಿ ಈಗ ಯಾರಿಗೂ ಅದು ಕೇಳಿಸುವುದಿಲ್ಲ. ‘ನಿರಾಶ್ರಿತ’ವನ್ನು ಮಾತ್ರ ನೆರೆಗೆ ಬಳಸಬೇಡಿ. 1951ರ ಅಂತರರಾಷ್ಟ್ರೀಯ ಒಪ್ಪಂದದ ರೆಫ್ಯೂಜಿ ದೇಶದ ಗಡಿ ದಾಟಿದವನು. ವಾರದ ಮಟ್ಟಿಗೆ ಶಾಲೆಯಲ್ಲಿ ಮಲಗಿದವರಿಗೆ ‘ಸ್ಥಳಾಂತರಗೊಂಡವರು’ ಎಂದರೆ ಸಾಕು.

ಔಟ್‌ಪುಟ್, ಔಟ್‌ಕಮ್. ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಫಲಿತಾಂಶ ಎಂದರೆ ಎಸ್‌ಎಸ್‌ಎಲ್‌ಸಿ, ಅದನ್ನು ಮಕ್ಕಳಿಗೇ ಬಿಡುವ ಮಾರಾಯ್ರೆ. ಔಟ್‌ಪುಟ್‌ಗೆ ‘ಮಾಡಿದ್ದು’, ಔಟ್‌ಕಮ್‌ಗೆ ‘ಆದದ್ದು’ ಎಂದು ಇಟ್ಟು ನೋಡಿ, ತರಬೇತಿಯಲ್ಲಿ ಅರ್ಧ ಗಂಟೆ ಉಳಿಯುತ್ತದೆ. ನೆರೆ ಹೊಕ್ಕ ಬಾವಿಯನ್ನೇ ತೆಗೆದುಕೊಳ್ಳಿ. 120 ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದು ‘ಮಾಡಿದ್ದು’. ಒಂದು ಗಂಟೆ ಬಿಟ್ಟು ಪರೀಕ್ಷಿಸಿದಾಗ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದ ಬಾವಿಗಳ ಸಂಖ್ಯೆ, ಆ ನೀರನ್ನೇ ಕುಡಿಯುತ್ತಿರುವ ಮನೆಗಳ ಸಂಖ್ಯೆ ‘ಆದದ್ದು’. ಎರಡರ ನಡುವಿನ ಅಂತರ ಸಣ್ಣದಲ್ಲ. ಮಾಮೂಲಿ ದಿನಗಳಲ್ಲಿ ಸಾವಿರ ಲೀಟರಿಗೆ ಒಳ್ಳೆಯ ಪೌಡರ್ ಎರಡೂವರೆ ಗ್ರಾಂ ಸಾಕು. ಎರಡು ಮೀಟರ್ ಅಗಲ, ಮೂರು ಮೀಟರ್ ನೀರಿನ ಬಾವಿಯಲ್ಲಿ ಸುಮಾರು 9,400 ಲೀಟರ್ ಇರುತ್ತದೆ, ಅಂದರೆ 24 ಗ್ರಾಂ. ಕೆಸರೆತ್ತದೆ ಅಷ್ಟನ್ನೇ ಸುರಿದರೆ ಕ್ಲೋರಿನನ್ನೆಲ್ಲ ಕೆಸರೇ ನುಂಗುತ್ತದೆ. ಬಾಯಿ ಬಿಚ್ಚಿಟ್ಟ ಚೀಲದ ಪೌಡರ್ ನಮ್ಮ ಮಳೆಗಾಲದ ತೇವಕ್ಕೆ ಸತ್ವ ಕಳೆದುಕೊಂಡಿರುತ್ತದೆ. ವರದಿಯಲ್ಲಿ 120 ಎಂದೇ ಇರುತ್ತದೆ.

ಕರಡಿನಲ್ಲಿ ‘ಮಾನದಂಡ’ (ಸ್ಟ್ಯಾಂಡರ್ಡ್) ಮತ್ತು ‘ಸೂಚಕ’ವನ್ನೂ (ಇಂಡಿಕೇಟರ್) ನೀವು ಒಂದು ಕಡೆ ಅದಲು ಬದಲು ಮಾಡಿದ್ದೀರಿ. ವಿಪತ್ತಿನ ನೆರವು ಕನಿಷ್ಠ ಹೇಗಿರಬೇಕೆಂದು ಹೇಳುವ ಅಂತರರಾಷ್ಟ್ರೀಯ ಸ್ಫಿಯರ್ ಕೈಪಿಡಿಯಲ್ಲಿ ಎಲ್ಲರಿಗೂ ಸಾಕಷ್ಟು ಸುರಕ್ಷಿತ ನೀರು ಸಮಾನವಾಗಿ ಸಿಗಬೇಕು ಎಂಬುದು ಮಾನದಂಡ. ದಿನಕ್ಕೆ ತಲಾ ಕನಿಷ್ಠ 15 ಲೀಟರ್ ಎಂಬುದು ಅದನ್ನು ಅಳೆಯುವ ಸೂಚಕ. 15 ಲೀಟರ್ ಎಂದರೆ ದೊಡ್ಡ ಕೊಡಪಾನ ಒಂದು. ಅಂಗಳದಲ್ಲೇ ಬಾವಿ ಇರುವ ನಮ್ಮವರಿಗೆ ಅದು ಮುಖ ತೊಳೆಯಲು ಸಾಲದು.

ಕೊನೆಗೆ ಹುದ್ದೆ. ‘ಯೋಜನಾಧಿಕಾರಿ’ ಸಹಜ ಆಯ್ಕೆ, ಆದರೆ ಇಲ್ಲಿ ಆ ಕುರ್ಚಿ ಖಾಲಿಯಿಲ್ಲ. ಹಳ್ಳಿಯಲ್ಲಿ ಯೋಜನಾಧಿಕಾರಿ ಎಂದರೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು, ಇಲ್ಲವೇ ಅಂಗನವಾಡಿ ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಪ್ಲ್ಯಾನ್, ಸ್ಕೀಮ್, ಪ್ರಾಜೆಕ್ಟ್, ಪ್ರೋಗ್ರಾಮ್ ನಾಲ್ಕನ್ನೂ ‘ಯೋಜನೆ’ ಒಂದೇ ಹೊರುತ್ತಿದೆ, ಪಾಪ. ಪ್ರೋಗ್ರಾಮ್ ಆಫೀಸರ್ ಮಾಡುವುದು ಹಲವು ಪ್ರಾಜೆಕ್ಟುಗಳ ಬಜೆಟ್, ಖರೀದಿ, ನಿಗಾ, ದಾನಿಗಳಿಗೆ ವರದಿ. ಕಾಗದದಲ್ಲಿ ‘ನೆರವು ಯೋಜನೆಗಳ ಅಧಿಕಾರಿ’ ಎಂದು ಬರೆಯಿರಿ. ಬಾಯಲ್ಲಿ ಎಲ್ಲರೂ ‘ಪಿ.ಒ.’ ಅನ್ನುತ್ತಾರೆ, ಮುಂದೆಯೂ ಅನ್ನುತ್ತಾರೆ.

ಒಪ್ಪಂದದ ಕರಡಿನಲ್ಲಿ ಪಾರ್ಟ್ನರ್‌ಗೆ ‘ಪಾಲುದಾರ ಸಂಸ್ಥೆ’ ಎಂದು ಹಾಕಿದ್ದರೆ ಲೆಕ್ಕಪರಿಶೋಧಕರಿಗೆ ತೋರಿಸದೆ ಮುದ್ರಿಸಬೇಡಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯ ನಂತರ ಆ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಪಾಲು ಎಂಬ ಪದವೇ ಪ್ರಶ್ನೆ ಎಬ್ಬಿಸುತ್ತದೆ.

ಇನ್ನೊಂದು ಮಾತು, ಕುಂದಾಪುರದ ಕಡೆಯಿಂದ

‘ಒಂದೇ ಒಲೆ’ ಮನೆ ಬಾಗಿಲಲ್ಲಿ ಕೇಳುವಾಗ ಸರಿ. ನೆರೆ ಬಂದಾಗ ಸರ್ಕಾರ ತೆರೆಯುವ ಕಾಳಜಿ ಕೇಂದ್ರದಲ್ಲಿ ಕೇಳಿ ನೋಡಿ! ಅಲ್ಲಿ 180 ಮಂದಿಗೂ ಅಡುಗೆ ಒಂದೇ ಹಂಡೆಯಲ್ಲಿ. ಫಾರಂ ತುಂಬುವುದು ಹೆಚ್ಚಾಗಿ ಅಲ್ಲಿಯೇ ಅಲ್ಲವೇ? ಪಡಿತರ ಚೀಟಿಗೆ ತಾಳೆ ಹಾಕಲು ‘ಕುಟುಂಬ’ ಎಂಬ ಅಂಕಣ ಬೇಕೇ ಬೇಕು, ಚೀಟಿಯಲ್ಲಿರುವ ಪದವೇ ಅದು.

ಕಾಳಜಿ ಕೇಂದ್ರದ ಹೆಸರಿನ ಬಗ್ಗೆಯೂ ಹೇಳಬೇಕು. ಮೊದಲು ಅದು ‘ಗಂಜಿ ಕೇಂದ್ರ’ ಆಗಿತ್ತು. ಗತಿಯಿಲ್ಲದವರ ಊಟ ಎಂಬ ಧ್ವನಿ ಇದೆಯೆಂದು ಹೆಸರು ಬದಲಾಯಿತು. ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ ಇಲ್ಲದೆ ದಿನ ಹತ್ತದ ಕರಾವಳಿಗೆ ಆ ಅವಮಾನ ಅಷ್ಟಾಗಿ ಅರ್ಥವಾಗದು, ಆದರೂ ಫಾರಮಿನಲ್ಲಿ ಈಗಿನ ಹೆಸರೇ ಇರಲಿ, ತಹಶೀಲ್ದಾರರ ಪಟ್ಟಿಯೊಂದಿಗೆ ಹೋಲಿಸಲು ಅದೇ ಅನುಕೂಲ. ಹಾಗೆಯೇ ನಿಮ್ಮ ಕೈಪಿಡಿಯ ರೆಡ್ ಕ್ರಾಸ್ ತತ್ವಗಳ ಪುಟದಲ್ಲಿ ಇಂಪಾರ್ಷಿಯಲ್ ಎಂಬುದಕ್ಕೆ ‘ತಟಸ್ಥ’ ಎಂದಿದೆ, ಅದು ನ್ಯೂಟ್ರಲ್. ಇಂಪಾರ್ಷಿಯಲ್‌ಗೆ ‘ನಿಷ್ಪಕ್ಷಪಾತ’ ಬೇಕು: ಜಾತಿ, ಧರ್ಮ ನೋಡದೆ ಹೆಚ್ಚು ಅಗತ್ಯವಿದ್ದವರಿಗೆ ಮೊದಲು ಕೊಡುವುದು. ತಟಸ್ಥ ಎಂದರೆ ಅಕ್ಷರಶಃ ದಡದಲ್ಲಿ ನಿಂತವನು. ನೆರೆಯ ನೆರವಿನ ಕೈಪಿಡಿಯಲ್ಲಿ ಅದು ಬೇರೆಯೇ ಚಿತ್ರ ಕೊಡುತ್ತದೆ.

ಮಂಗಳೂರಿನಿಂದ ಮತ್ತೆ

ಹಂಡೆಯ ಮಾತು ಒಪ್ಪಿದೆ. ‘ಕುಟುಂಬ’ವನ್ನು ಪಡಿತರ ಚೀಟಿ ಸಂಖ್ಯೆಯ ಪಕ್ಕದಲ್ಲಿ ಮಾತ್ರ ಉಳಿಸಿ, ಎಣಿಕೆಯ ಪ್ರಶ್ನೆಯನ್ನು ಹೀಗೆ ತಿದ್ದಿದರೆ ಎರಡೂ ಕಡೆ ನಡೆಯುತ್ತದೆ:

‘ನೀರು ಬರುವ ಮೊದಲು, ಮನೆಯಲ್ಲಿ ನಿಮ್ಮ ಒಲೆಯ ಅಡುಗೆ ಉಣ್ಣುತ್ತಿದ್ದವರು ಎಷ್ಟು ಮಂದಿ? ಅವರಲ್ಲಿ ನಿನ್ನೆ ರಾತ್ರಿ ಇಲ್ಲಿ ಮಲಗಿದವರು ಎಷ್ಟು? ಉಳಿದವರು ಎಲ್ಲಿದ್ದಾರೆ?’

ಮೂರನೆಯದನ್ನು ಬಿಡಬೇಡಿ. ಬಂಧುಗಳ ಮನೆಗೆ ಹೋದವರು ಯಾವ ಪಟ್ಟಿಯಲ್ಲೂ ಸಿಗದೆ ಹೋಗುವುದು ಅಲ್ಲಿಯೇ.