ಅಮೆರಿಕದ ಕಸ್ಟಡಿ ಆದೇಶ ಮೈಸೂರಿನಲ್ಲಿ ನಡೆಯುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಟೆಕ್ಸಾಸ್‌ನಲ್ಲಿದ್ದೇನೆ. ಬೇಸಿಗೆ ರಜೆಗೆಂದು ಆರು ವರ್ಷದ ಮಗನ ಜೊತೆ ಮೈಸೂರಿನ ತವರಿಗೆ ಹೋದ ಹೆಂಡತಿ ವಾಪಸ್ ಬರಲಿಲ್ಲ. ಮಗ ಹುಟ್ಟಿದ್ದು ಇಲ್ಲೇ, ಅಮೆರಿಕದ ಪ್ರಜೆ. ಇಲ್ಲಿನ ಕೋರ್ಟ್ ಕಸ್ಟಡಿ ನನಗೆ ಕೊಟ್ಟಿದೆ. ಆದೇಶ ಹಿಡಿದು ನಮ್ಮಪ್ಪ ಪೊಲೀಸ್ ಸ್ಟೇಷನ್‌ಗೆ ಹೋದರೆ ಮಗುವನ್ನು ಕೊಡಿಸುತ್ತಾರಾ?

ವಕೀಲೆ: ಕೊಡಿಸುವುದಿಲ್ಲ ಸರ್. ಮಕ್ಕಳ ಅಪಹರಣದ ಬಗೆಗಿನ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಲ್ಲಿಯ ಆದೇಶ ಇಲ್ಲಿ ತಾನಾಗಿ ಜಾರಿಯಾಗುವುದಿಲ್ಲ.

ಸಾಮಾನ್ಯವಾಗಿ ಹಿಡಿಯುವ ದಾರಿ, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಮಗುವನ್ನು ಕೋರ್ಟ್ ಮುಂದೆ ಹಾಜರುಪಡಿಸಿ ಅಂತ ಕೇಳುವ ಅರ್ಜಿ. ಮೈಸೂರಾದ್ದರಿಂದ ಬೆಂಗಳೂರು ಪೀಠ. ಅಲ್ಲಿ ನಿಮ್ಮ ಆದೇಶವನ್ನು ನೋಡುತ್ತಾರೆ, ಆದರೆ ಅದೊಂದನ್ನೇ ಅಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಮಗುವಿನ ಹಿತವೇ ಮೊದಲು, ವಿದೇಶಿ ಆದೇಶ ಪರಿಗಣಿಸುವ ಅಂಶಗಳಲ್ಲಿ ಒಂದು ಮಾತ್ರ. ಹಾಗಂತ ಕೈಬಿಡಬೇಡಿ. 2020ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್‌ನಿಂದಲೇ ಸುಪ್ರೀಂ ಕೋರ್ಟ್‌ಗೆ ಹೋದ ಪ್ರಕರಣದಲ್ಲಿ ಮಗುವನ್ನು ಅಮೆರಿಕಕ್ಕೆ ಕರೆದೊಯ್ಯಲು ತಂದೆಗೆ ಅನುಮತಿ ಸಿಕ್ಕಿತು.

ತಡ ಮಾಡಬೇಡಿ. ಮಗು ಇಲ್ಲಿನ ಶಾಲೆಗೆ, ಅಜ್ಜಿ ಮನೆಗೆ ಹೊಂದಿಕೊಂಡಷ್ಟೂ ನಿಮ್ಮ ವಾದ ಸಡಿಲವಾಗುತ್ತದೆ.

ಒಂದು ಮಾತು ಕೇಳಬೇಕು. ಕೋರ್ಟ್ ನೋಟಿಸ್ ನಿಮ್ಮ ಹೆಂಡತಿಗೆ ತಲುಪಿತ್ತಾ?

ಪ್ರಶ್ನೆ: ಇಮೇಲ್‌ನಲ್ಲಿ ಹೋಗಿತ್ತು. ಅವಳು ಹಾಜರಾಗಲಿಲ್ಲ. ಅಲ್ಲಿಯವರೆಗೆ ಅಪ್ಪ ಹೋಗಿ ಮೊಮ್ಮಗನನ್ನು ಸುಮ್ನೆ ಮನೆಗೆ ಕರೆದುಕೊಂಡು ಬಂದರೆ?

ವಕೀಲೆ: ದಯವಿಟ್ಟು ಬೇಡ! ಶಾಲೆ ಗೇಟಿನಿಂದ ಮಗುವನ್ನು ಎತ್ತಿಕೊಂಡು ಬಂದರೆ ಕೇಸು ನಿಮ್ಮ ಮೇಲೇ ತಿರುಗುತ್ತದೆ.

ನೋಟಿಸ್ ವಿಷಯದಲ್ಲೂ ಜಾಗ್ರತೆ. ಏಕಪಕ್ಷೀಯ ಆದೇಶ, ನನ್ನ ಮಾತು ಕೇಳಲೇ ಇಲ್ಲ ಅಂತ ನಿಮ್ಮ ಹೆಂಡತಿ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 13ನೇ ಸೆಕ್ಷನ್ ಹಿಡಿಯುತ್ತಾರೆ; ವಿದೇಶಿ ತೀರ್ಪನ್ನು ಯಾವಾಗ ಒಪ್ಪಬೇಕಿಲ್ಲ ಅಂತ ಹೇಳುವ ಸೆಕ್ಷನ್ ಅದು. ಇಮೇಲ್ ತಲುಪಿದ ಪುರಾವೆ, ಅಪಾಸ್ಟಿಲ್ (ಬೇರೆ ದೇಶದಲ್ಲೂ ಒಪ್ಪುವ ಸರ್ಕಾರಿ ದೃಢೀಕರಣ) ಆದ ಆದೇಶದ ಪ್ರಮಾಣೀಕೃತ ಪ್ರತಿ ತೆಗೆದಿಡಿ. ಇವೆಲ್ಲಕ್ಕಿಂತ ನಾನು ಮೊದಲು ಕೇಳುವುದು ರಿಟರ್ನ್ ಟಿಕೆಟ್! ರಜೆಗಷ್ಟೇ ಹೋಗಿದ್ದು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಸಿಗುವುದು ಕಷ್ಟ. ಜೊತೆಗೆ ಶಾಲೆಯ ದಾಖಲೆ, ಮಕ್ಕಳ ಡಾಕ್ಟರ ಚೀಟಿಗಳು, "ಜೂನ್‌ನಲ್ಲಿ ಬರ್ತೀವಿ" ಅನ್ನೋ ಥರದ ವಾಟ್ಸಾಪ್ ಮೆಸೇಜ್ ಇದ್ದರೆ ಅದು.

ತಾಯಿಗೂ ದಾರಿ ತೆರೆದಿಡಿ. ಅವರು ಬರುವುದಾದರೆ ವಿಮಾನದ ಖರ್ಚು, ಬೇರೆ ಮನೆ, ವೀಸಾಕ್ಕೆ ಸಹಾಯ ಮಾಡುತ್ತೇನೆ, ಬಂಧನಕ್ಕೆ ಒತ್ತಾಯಿಸುವುದಿಲ್ಲ ಅಂತ ಅಫಿಡವಿಟ್ ಕೊಡಿ. ಅವರನ್ನು ಬಲವಂತವಾಗಿ ಯಾವ ಕೋರ್ಟೂ ವಿಮಾನ ಹತ್ತಿಸುವುದಿಲ್ಲ. ಆದರೆ ಇಂಥ ಮುಚ್ಚಳಿಕೆ ನ್ಯಾಯಾಧೀಶರ ಮೇಲೆ ಜಾಸ್ತಿ ಪರಿಣಾಮ ಬೀರುವುದನ್ನು ನೋಡಿದ್ದೇನೆ.

ಇನ್ನೊಬ್ಬ ಸದಸ್ಯೆ: ಮೇಡಂ, ನನ್ನ ತಂಗಿಯದು ಲಂಡನ್ ಆದೇಶ. ಬ್ರಿಟನ್ ಆದ್ರೆ ಸಿಪಿಸಿ 44ಎ ಸೆಕ್ಷನ್ ಪ್ರಕಾರ ನೇರವಾಗಿ ಜಾರಿ ಮಾಡಬಹುದು ಅಂತಾರಲ್ವಾ?

ವಕೀಲೆ: ಅದು ಹಣ ಕೊಡಬೇಕೆಂಬ ಡಿಕ್ರಿಗೆ (ಕೋರ್ಟ್ ತೀರ್ಪಿನ ಆದೇಶಕ್ಕೆ) ಮಾತ್ರ ಅಮ್ಮಾ. ಕಸ್ಟಡಿಗೆ ನಿಮ್ಮ ತಂಗಿಗೂ ಇದೇ ಹೈಕೋರ್ಟ್ ಬಾಗಿಲು. ಅರ್ಜಿ ಹಾಕುವಾಗ ತೀರ್ಪು ಬರುವವರೆಗೆ ಮಗುವಿನ ಜೊತೆ ವಿಡಿಯೋ ಕಾಲ್‌ಗೆ ಮಧ್ಯಂತರ ಆದೇಶವನ್ನೂ ಕೇಳಿ. ಇಬ್ಬರಿಗೂ ಹೇಳುತ್ತಿದ್ದೇನೆ.