ಸಹಾಯ ಬೇಕು: ತಮ್ಮನಿಗೆ ನಾಲ್ಟ್ರೆಕ್ಸೋನ್ ಸಾಕಾ, ಬುಪ್ರೆನಾರ್ಫಿನ್ ಬೇಕಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಟಪೆಂಟಡಾಲ್ ಅನ್ನೋ ನೋವಿನ ಮಾತ್ರೆಯ ಚಟ ಹತ್ತಿತ್ತು. ಅದು ಓಪಿಯಾಯ್ಡ್, ಅಂದರೆ ಅಫೀಮಿನ ಥರ ಕೆಲಸ ಮಾಡುವ ಔಷಧ. ಬೈಕಿನಿಂದ ಬಿದ್ದಾಗ ಬೆನ್ನುನೋವಿಗೆ ಅಂತ ಶುರುವಾದದ್ದು. ಒಮ್ಮೆ ಬರೀ ಮನಸ್ಸು ಗಟ್ಟಿ ಮಾಡಿಕೊಂಡು ಬಿಟ್ಟಿದ್ದ, ಮತ್ತೆ ಶುರು ಮಾಡಿದ. ಅದಕ್ಕೇ ಈ ಸಲ ಆಸ್ಪತ್ರೆಯಲ್ಲಿಟ್ಟು ಬಿಡಿಸಿದ ಮೇಲೆ ಡಾಕ್ಟರು ದಿನಕ್ಕೊಂದು 50 ಮಿಲಿಗ್ರಾಂ ನಾಲ್ಟ್ರೆಕ್ಸೋನ್ ಬರೆದುಕೊಟ್ಟಿದ್ದಾರೆ. ಇದು ಮೈಯಲ್ಲಿದ್ದರೆ ಟಪೆಂಟಡಾಲ್ ನುಂಗಿದರೂ ಕಿಕ್ ಸಿಗುವುದಿಲ್ಲವಂತೆ.

ಅಮ್ಮ ಎದುರಿಗೇ ನಿಂತು ಮಾತ್ರೆ ಕೊಡುತ್ತಾರೆ. ಆದರೂ ಮೊನ್ನೆ ಹಿತ್ತಲಿನ ಕರಿಬೇವಿನ ಕುಂಡದಲ್ಲಿ ಅರ್ಧ ಕರಗಿದ ಮಾತ್ರೆಗಳು ಸಿಕ್ಕವು. ಬಾಯಲ್ಲೇ ಇಟ್ಟುಕೊಂಡು ಆಮೇಲೆ ಉಗುಳುತ್ತಿದ್ದಾನೆ. ಟಪೆಂಟಡಾಲ್ ಬಿಟ್ಟ ಮೇಲೆ ಮೈಗೆ ಮೊದಲಿನ ತಾಳಿಕೆ ಇರುವುದಿಲ್ಲ, ಹಳೇ ಡೋಸೇ ತಗೊಂಡರೂ ಉಸಿರು ನಿಲ್ಲಬಹುದು. ನನಗೆ ಅದೇ ಭಯ.

ಇನ್ನೊಬ್ಬ ಮನೋವೈದ್ಯರು ನಾಲಿಗೆ ಕೆಳಗಿಡುವ ಬುಪ್ರೆನಾರ್ಫಿನ್-ನಲೋಕ್ಸೋನ್ ಒಳ್ಳೆಯದು, ಆಸೆಯೇ ತಗ್ಗುತ್ತದೆ, ಆದರೆ ವರ್ಷಗಟ್ಟಲೆ ಬೇಕಾಗಬಹುದು ಅಂದರು. ಮಾವ ಮಾತ್ರ "ಒಂದು ಚಟ ಬಿಡಿಸಿ ಇನ್ನೊಂದು ಹಚ್ತೀರಾ?" ಅನ್ನುತ್ತಾರೆ. ಅವರೇ ಬಿಪಿ ಮಾತ್ರೆ ಎಷ್ಟು ವರ್ಷದಿಂದ ನುಂಗುತ್ತಿದ್ದಾರೆ, ಅಲ್ವಾ?

ನನ್ನ ಗೊಂದಲ ಬೇರೆ. ಬುಪ್ರೆನಾರ್ಫಿನ್ ಕೂಡ ಓಪಿಯಾಯ್ಡೇ. ತಮ್ಮ ಈಗ ಪೂರ್ತಿ ಬಿಟ್ಟಿದ್ದಾನೆ. ಹೀಗಿರುವವನಿಗೆ ಅದನ್ನು ಶುರು ಮಾಡುತ್ತಾರಾ? ಡಾಕ್ಟರನ್ನು ಕೇಳದೆ ನಾವೇನೂ ಬದಲಿಸುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಯಾರಿಗಾದರೂ ನಾಲ್ಟ್ರೆಕ್ಸೋನ್‌ನಿಂದ ಬುಪ್ರೆನಾರ್ಫಿನ್‌ಗೆ ಬದಲಾಯಿಸಿದ್ದರೆ, ಹೇಗೆ ಮಾಡಿದರು, ಎಷ್ಟು ಕಾಲ ಕೊಟ್ಟರು, ದಯವಿಟ್ಟು ತಿಳಿಸಿ.