ಹೊಸ ಬೋರ್ಡ್‌ನಲ್ಲಿ ಲಿನಕ್ಸ್ ಎಲ್ಲೆಲ್ಲೋ ಕ್ರ್ಯಾಶ್ ಆಗುತ್ತಿದೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾವೇ ಡಿಸೈನ್ ಮಾಡಿದ ಬೋರ್ಡ್. ಎನ್‌ಎಕ್ಸ್‌ಪಿ ಕಂಪನಿಯ ಐ.ಎಂಎಕ್ಸ್6 ಪ್ರೊಸೆಸರ್ ಚಿಪ್, 32 ಬಿಟ್ ಮೆಮೊರಿ ಬಸ್, 512 ಎಂಬಿ ಡಿಡಿಆರ್3 ರ‍್ಯಾಮ್. ಲಿನಕ್ಸ್ ಬೂಟ್ ಆಗುತ್ತದೆ. ಲೋಡ್ ಜಾಸ್ತಿಯಾದರೆ ಕರ್ನಲ್ ಊಪ್ಸ್ (ಕರ್ನಲ್ ಎಡವಿದಾಗ ಕೊಡುವ ದೋಷ ವರದಿ) ಬರುತ್ತದೆ. ಒಮ್ಮೆ ಈಥರ್ನೆಟ್ ಡ್ರೈವರ್‌ನಲ್ಲಿ, ಇನ್ನೊಮ್ಮೆ ಫೈಲ್‌ಸಿಸ್ಟಮ್‌ನಲ್ಲಿ. 1 ಜಿಬಿ ಇರುವ ರೆಫರೆನ್ಸ್ (ಮಾದರಿ) ಬೋರ್ಡ್‌ನಲ್ಲಿ ಅದೇ ಕರ್ನಲ್ ಚೆನ್ನಾಗಿ ಓಡುತ್ತದೆ. ಇಂಥದ್ದನ್ನು ನೋಡಿದವರು ದಾರಿ ತೋರಿಸಿ.

ಉತ್ತರ 1: ಮೊದಲು ಊಪ್ಸ್ ಲಾಗ್‌ಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡಿ. ಪ್ರತಿ ಸಲ ಒಂದೇ ಫಂಕ್ಷನ್‌ನಲ್ಲಿ ಬಿದ್ದರೆ ಕೋಡ್ ಮೇಲೆ ಅನುಮಾನ. ನಿಮ್ಮ ಹಾಗೆ ಜಾಗ ಬದಲಾಗುತ್ತಲೇ ಇದ್ದರೆ ಡ್ರೈವರ್ ಪಕ್ಕಕ್ಕಿಡಿ, ರ‍್ಯಾಮ್ ಹಿಡಿಯಿರಿ.

ಕೆಟ್ಟ ವಿಳಾಸವನ್ನು ಬಿಟ್ ಬಿಟ್ಟಾಗಿ ಓದಿ. ನಾನು ನೋಡಿದ ಒಂದು ಬೋರ್ಡ್‌ನಲ್ಲಿ ಪಾಯಿಂಟರ್ (ಮೆಮೊರಿ ವಿಳಾಸ) ಹೆಕ್ಸ್‌ನಲ್ಲಿ ಸಿ0512340 ಇರಬೇಕಾದ ಕಡೆ ಸಿ4512340 ಇತ್ತು. ವ್ಯತ್ಯಾಸ ಒಂದೇ ಬಿಟ್, ಸೊನ್ನೆಯಿಂದ ಎಣಿಸಿದರೆ 26ನೆಯದು. ಬೇರೆ ಊಪ್ಸ್‌ಗಳಲ್ಲೂ ತಿರುಗಿದ್ದು 24ರಿಂದ 31ರ ಒಳಗಿನ ಬಿಟ್ಟೇ. ಅಂದರೆ ಒಂದೇ ಬೈಟ್ ಲೇನ್ (ಎಂಟು ಡೇಟಾ ತಂತಿಗಳ ಒಂದು ಗುಂಪು). ಬೂಟ್‌ಲೋಡರ್‌ನಲ್ಲಿ ರೆಫರೆನ್ಸ್ ಬೋರ್ಡ್‌ನ ಡಿಡಿಆರ್ ಕ್ಯಾಲಿಬ್ರೇಷನ್ (ಟೈಮಿಂಗ್ ಹೊಂದಾಣಿಕೆ) ಅಂಕಿಗಳೇ ಉಳಿದಿದ್ದವು. ಪಿಸಿಬಿ ಬದಲಾದರೆ ಟ್ರೇಸ್‌ಗಳ ಉದ್ದವೂ ಬದಲಾಗುತ್ತದೆ, ಹಳೆ ಅಂಕಿ ಹೊಂದುವುದಿಲ್ಲ. ಎನ್‌ಎಕ್ಸ್‌ಪಿಯವರ ಡಿಡಿಆರ್ ಸ್ಟ್ರೆಸ್ ಟೆಸ್ಟ್ ಟೂಲ್ ಇದೆ. ಅದನ್ನು ನಿಮ್ಮ ಬೋರ್ಡ್ ಮೇಲೇ ಓಡಿಸಿ, ಬಂದ ಅಂಕಿಗಳನ್ನು ನಿಮ್ಮ ಬೂಟ್‌ಲೋಡರ್ ಯು-ಬೂಟ್‌ಗೆ ಹಾಕಿ.

ಯು-ಬೂಟ್‌ನ ಮೆಮೊರಿ ಪರೀಕ್ಷೆ ಎಂಟೆಸ್ಟ್ ಪಾಸಾಯಿತು ಅಂತ ಸುಮ್ನೆ ಸಮಾಧಾನ ಪಡಬೇಡಿ. ಆಗ ಒಂದೇ ಕೋರ್ ಓಡುತ್ತಿರುತ್ತದೆ, ಡಿಎಂಎ (ಸಿಪಿಯು ಇಲ್ಲದೆ ಹಾರ್ಡ್‌ವೇರೇ ನೇರವಾಗಿ ಮೆಮೊರಿ ಓದಿ ಬರೆಯುವುದು) ಗಲಾಟೆ ಇರುವುದಿಲ್ಲ. ಲಿನಕ್ಸ್ ಒಳಗೆ ಸ್ಟ್ರೆಸ್‌ಆ್ಯಪ್‌ಟೆಸ್ಟ್ ಅಥವಾ ಮೆಮ್‌ಟೆಸ್ಟರ್ ಹಾಕಿ, ಜೊತೆಗೆ ನೆಟ್‌ವರ್ಕ್ ಟ್ರಾಫಿಕ್ ಕೊಟ್ಟು, ರಾತ್ರಿಯಿಡೀ ಬಿಡಿ. ಡಿಡಿಆರ್ ಕ್ಲಾಕ್ ಇಳಿಸಿದಾಗ ತೊಂದರೆ ಮಾಯವಾದರೆ ಟೈಮಿಂಗ್ ಕಡೆಗೇ ಬೆರಳು.

ಉತ್ತರ 2: ಕ್ಯಾಲಿಬ್ರೇಷನ್‌ಗೆ ಹೋಗುವ ಮುಂಚೆ ರ‍್ಯಾಮ್ ಗಾತ್ರ ನೋಡಿ, ಎರಡು ನಿಮಿಷದ ಕೆಲಸ. ರೆಫರೆನ್ಸ್ ಬೋರ್ಡ್ 1 ಜಿಬಿ ಅಂದಿರಿ. ಡಿವೈಸ್ ಟ್ರೀಯಲ್ಲೋ (ಬೋರ್ಡ್‌ನ ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ಹೇಳುವ ಫೈಲ್) ಯು-ಬೂಟ್‌ನಲ್ಲೋ ಆ ಗಾತ್ರವೇ ಉಳಿದಿದ್ದರೆ ಒಂದೇ ಮೆಮೊರಿ ಜಾಗ ಎರಡು ವಿಳಾಸಗಳಲ್ಲಿ ಕಾಣಿಸಬಹುದು. ಬೂಟ್ ಆರಾಮಾಗಿ ಆಗುತ್ತದೆ, ಮೆಮೊರಿ ತುಂಬುತ್ತಾ ಬಂದಾಗ ಒಬ್ಬರ ಡೇಟಾ ಮೇಲೆ ಇನ್ನೊಬ್ಬರು ಬರೆಯುತ್ತಾರೆ. ಯು-ಬೂಟ್ ಸಾಮಾನ್ಯವಾಗಿ ಡಿವೈಸ್ ಟ್ರೀಯ ಗಾತ್ರವನ್ನು ಬೂಟ್ ಸಮಯದಲ್ಲಿ ತಿದ್ದುತ್ತದೆ. ಹಾಗಾಗಿ ಫೈಲ್ ಓದಿ ನಿರ್ಧಾರ ಮಾಡಬೇಡಿ, ಓಡುತ್ತಿರುವ ಬೋರ್ಡ್‌ನಲ್ಲಿ ಪ್ರಾಕ್ ಐಒಮೆಮ್ (/proc/iomem, ಕರ್ನಲ್ ಕಂಡ ಮೆಮೊರಿ ವಿಳಾಸಗಳ ಪಟ್ಟಿ) ನೋಡಿ.

ಉತ್ತರ 3: ಜಾಗ ಬದಲಾದರೆ ರ‍್ಯಾಮೇ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಡಿಎಂಎ ಕೂಡ ಹೀಗೇ ಕಾಡುತ್ತದೆ. ಡ್ರೈವರ್ ಬಫರ್ ಬಿಟ್ಟುಕೊಟ್ಟ ಮೇಲೂ ಹಾರ್ಡ್‌ವೇರ್ ಅಲ್ಲೇ ಬರೆಯುತ್ತಿದ್ದರೆ, ಆ ಜಾಗ ಆಮೇಲೆ ಯಾರ ಪಾಲಿಗೆ ಬಂತೋ ಅವರು ಬೀಳುತ್ತಾರೆ. ಬಫರ್ ಸ್ಟ್ಯಾಕ್ ಮೇಲಿದ್ದರೆ, ಅಥವಾ ಒಂದೇ ಕ್ಯಾಶ್ ಲೈನ್ (ಸಿಪಿಯು ಒಟ್ಟಿಗೆ ಎತ್ತಿಡುವ ಮೆಮೊರಿ ತುಂಡು)‌ನಲ್ಲಿ ಬೇರೆ ವೇರಿಯಬಲ್ ಇದ್ದರೂ ಅಷ್ಟೇ ಪಾಡು. ನೀವೇ ಬರೆದ ಡ್ರೈವರ್ ಏನಾದರೂ ಇದೆಯಾ? ಇದ್ದರೆ ಅಲ್ಲಿಂದ ಶುರು ಮಾಡಿ.

ಕರ್ನಲ್‌ನ ಡಿಎಂಎ ಎಪಿಐ ಡೀಬಗ್ ಆನ್ ಮಾಡಿ. ಫ್ರೀ ಮಾಡಿದ ಮೆಮೊರಿಗೆ ಗುರುತಿನ ಅಂಕಿ ತುಂಬುವ ಸ್ಲಬ್ ಡೀಬಗ್ ಪಾಯ್ಸನಿಂಗ್ ಕೂಡ. ಆಮೇಲೆ ರಿಜಿಸ್ಟರ್‌ನಲ್ಲಿ 6ಬಿ6ಬಿ6ಬಿ6ಬಿ ಕಂಡರೆ ಫ್ರೀ ಮಾಡಿದ ಮೆಮೊರಿಯನ್ನು ಯಾರೋ ಬಳಸುತ್ತಿದ್ದಾರೆ. ಕೆಎಸ್ಯಾನ್ (KASAN, ತಪ್ಪು ಮೆಮೊರಿ ಬಳಕೆ ಹಿಡಿಯುವ ಕರ್ನಲ್ ಸಾಧನ) ಒಳ್ಳೆಯ ಆಯುಧ, ಆದರೆ 32 ಬಿಟ್ ಆರ್ಮ್‌ಗೆ ಬಂದಿದ್ದು 2021ರ 5.11 ಕರ್ನಲ್‌ನಲ್ಲಿ. ಮೆಮೊರಿಯಲ್ಲಿ ಸುಮಾರು ಎಂಟನೇ ಒಂದು ಭಾಗ ಅದಕ್ಕೇ ಹೋಗುತ್ತದೆ. ಅದು ಸಿಪಿಯು ಮಾಡುವ ಓದು-ಬರಹವನ್ನು ಮಾತ್ರ ಹಿಡಿಯುತ್ತದೆ, ಡಿಎಂಎ ಬರೆದದ್ದು ಅದಕ್ಕೆ ಕಾಣುವುದೇ ಇಲ್ಲ. ಕೆಎಸ್ಯಾನ್ ಸುಮ್ಮನಿದ್ದು ಡೇಟಾ ಕೆಡುತ್ತಲೇ ಇದ್ದರೆ ಹೆಚ್ಚಾಗಿ ಉಳಿಯುವುದು ಡಿಎಂಎ ಇಲ್ಲವೇ ರ‍್ಯಾಮ್.

ಉತ್ತರ 4: ಬಾಕ್ಸ್ ಮುಚ್ಚಿದ ಮೇಲೆ ಮಾತ್ರ ಜಾಸ್ತಿ ಆಗುತ್ತದೆಯಾ? ಡಿಡಿಆರ್3ಗೆ 85 ಡಿಗ್ರಿವರೆಗೆ 7.8 ಮೈಕ್ರೋಸೆಕೆಂಡಿಗೊಮ್ಮೆ ರಿಫ್ರೆಶ್ (ಡೇಟಾ ಅಳಿಯದಂತೆ ಮತ್ತೆ ತುಂಬುವುದು) ಸಾಕು. ಅದಕ್ಕಿಂತ ಬಿಸಿಯಾದರೆ 3.9ಕ್ಕೆ ಇಳಿಸಬೇಕು. ಚಿಪ್ ಮೇಲೆ ಥರ್ಮೋಕಪಲ್ ಅಂಟಿಸಿ ಒಮ್ಮೆ ಅಳೆಯಿರಿ. ಆ ಅಳತೆ, ಐಒಮೆಮ್ ಔಟ್‌ಪುಟ್, ಮುಂದಿನ ಊಪ್ಸ್‌ನ ಪೂರ್ತಿ ಲಾಗ್, ಮೂರನ್ನೂ ಇಲ್ಲೇ ಹಾಕಿ. ಒಟ್ಟಿಗೆ ಕೂತು ನೋಡೋಣ.